ಗುಲಗಂಜಿ ಹುಳು ಕಂಡರೆ ಏನು ಹೊಡೆಯೋದು? ಹೊಡೆಯೋ ಮೊದಲು ಎಲೆ ಮಗುಚಿ ನೋಡಿ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎರಡು ವಾರ ಆಗಿರುವುದಿಲ್ಲ, ನನ್ನ ಫೋನ್‌ಗೆ ಹುಳುಗಳ ಫೋಟೋ ಬರಲು ಶುರುವಾಗುತ್ತದೆ. ಜೊತೆಗೆ ಒಂದೇ ಸಾಲು: "ಇದು ಯಾವುದು, ಏನು ಹೊಡೀಬೇಕು?" ಮೊದಲ ಪ್ರಶ್ನೆಗೆ ನಾನು ಉತ್ತರ ಟೈಪ್ ಮಾಡುವಷ್ಟರಲ್ಲಿ ಎರಡನೆಯದರ ಕೆಲಸ ಮುಗಿದಿರುತ್ತದೆ. ಔಷಧಿ ಹೊಡೆದಾಗಿರುತ್ತದೆ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು, ಆ ಕಥೆ ಮುಂದೆ ಬರುತ್ತದೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಸ್ವಲ್ಪ ರೊಬಸ್ಟಾ ಕಾಫಿ, ನೆರಳಿನ ಮರಕ್ಕೆ ಹಬ್ಬಿದ ಮೆಣಸು, ಒಂದು ತುಂಡು ಗದ್ದೆ, ಹಿತ್ತಲಲ್ಲಿ ತರಕಾರಿ. ಇಷ್ಟರೊಳಗೇ ಎಂಟೊಂಬತ್ತು ಬಗೆಯ ಗುಲಗಂಜಿ ಹುಳು (ಇಂಗ್ಲಿಷಿನ ಲೇಡಿಬರ್ಡ್) ನೋಡಿದ್ದೇನೆ. ಕೆಲವು ಇಲ್ಲಿಯವೇ. ಕೆಲವನ್ನು ಹೊರದೇಶದಿಂದ ಬೇಕಂತಲೇ ತಂದು ಬಿಟ್ಟಿದ್ದಾರೆ. ಹೆಚ್ಚಿನವು ಬೆಳೆ ಹಾಳು ಮಾಡುವ ಹುಳುಗಳನ್ನು ತಿನ್ನುತ್ತವೆ. ಒಂದೆರಡು ಎಲೆಯನ್ನೇ ತಿನ್ನುತ್ತವೆ. ಒಂದು ಬೂಷ್ಟನ್ನು ಮೇಯುತ್ತದೆ. ಎಲ್ಲವೂ ದುಂಡಗೆ, ಪುಟ್ಟದಾಗಿ ಒಂದೇ ಥರ ಕಾಣುತ್ತವೆ, ಗಲಿಬಿಲಿ ಆಗುವುದು ಅಲ್ಲೇ.

ಮೊದಲು ಐದು ನಿಮಿಷ, ಖರ್ಚಿಲ್ಲದ ಕೆಲಸ

ಹುಳು ಕೂತಿರುವ ಎಲೆಯನ್ನು ಮಗುಚಿ. ಹುಳುವನ್ನು ಬಿಟ್ಟು ಎಲೆಯ ಮೇಲೆ ಬೇರೆ ಏನಿದೆ ಅಂತ ನೋಡಿ. ಗಿಡದ ರಸ ಹೀರುವ ಹೇನು ಇದೆಯಾ, ಬಿಳಿ ಹಿಟ್ಟು ಇದೆಯಾ, ಬೂದಿ ಇದೆಯಾ? ಇರುವೆ ಓಡಾಡುತ್ತಿದೆಯಾ? ಇವು ಯಾವುದೂ ಇಲ್ಲದೆ ಎಲೆ ಮಾತ್ರ ಜರಡಿ ಆಗಿದ್ದರೆ ಅದು ಬೇರೆ ವಿಷಯ.

ಆಮೇಲೆ ಹುಳುವಿನ ಬೆನ್ನು. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆಯೋ, ಮಾಸಿದ ತಾಮ್ರದ ಹಾಗೆ ಮಂಕಾಗಿದೆಯೋ? ಫೋನ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಸಾಕು, ಭೂತಗನ್ನಡಿ ಬೇಕೇಬೇಕು ಅಂತಿಲ್ಲ.

ಗಿಡ ಎತ್ತರ ಇದ್ದರೆ ಕೊಡೆ ತನ್ನಿ. ಕೊಡಗಿನಲ್ಲಿ ಕೊಡೆ ಇಲ್ಲದ ಮನೆ ಇಲ್ಲ ಅಲ್ವಾ. ಬಿಡಿಸಿ, ತಲೆಕೆಳಗಾಗಿ ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ಎರಡು ಸಲ ಜೋರಾಗಿ ತಟ್ಟಿ. ಬಿದ್ದದ್ದನ್ನೆಲ್ಲ ನೋಡಬಹುದು. ಕಪ್ಪು ಕೊಡೆ ಆದರೆ ಒಳಗೆ ಬಿಳಿ ಪಂಚೆ ಹಾಸಿಕೊಳ್ಳಿ. ಚಗಳಿ (ಕಚ್ಚುವ ಕೆಂಪಿರುವೆ) ಇರುವ ಮರವಾದರೆ ತಟ್ಟಿದ ಮೇಲೆ ಯಾರು ಓಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಚುಕ್ಕೆ ಎಣಿಸಿ ವಯಸ್ಸು ಹೇಳುವ ಆಟ ಮಕ್ಕಳಿಗಿರಲಿ. ಚುಕ್ಕೆಗೂ ವಯಸ್ಸಿಗೂ ಸಂಬಂಧ ಇಲ್ಲ. ಒಂದೇ ಜಾತಿಯಲ್ಲೂ ಚಿತ್ತಾರ ಬದಲಾಗುತ್ತದೆ. ನಮ್ಮ ಅಲಸಂದೆ ಬಳ್ಳಿಯಲ್ಲಿ ಸಿಗುವ ಅಂಕುಡೊಂಕು ಗೆರೆಯ ಹುಳು, ಪುಸ್ತಕದ ಹೆಸರು ಕೈಲೋಮೆನಿಸ್ ಸೆಕ್ಸ್‌ಮ್ಯಾಕ್ಯುಲೇಟಾ, ಒಂದು ಹಳದಿ ಮೇಲೆ ತೆಳು ಕಪ್ಪು ಗೆರೆ ಇದ್ದರೆ ಇನ್ನೊಂದು ಹೆಚ್ಚುಕಮ್ಮಿ ಪೂರಾ ಕಪ್ಪು. ಎರಡೂ ಒಂದೇ ಜಾತಿ.

"ಬದನೆ ಎಲೆ ಜರಡಿ ಆಗಿದೆ, ಮೇಲೆ ಗುಲಗಂಜಿ ಹುಳು ಕೂತಿದೆ"

ಇಲ್ಲಿ ನಿಮ್ಮ ಅನುಮಾನ ಸರಿ. ಕಳ್ಳ ಸಿಕ್ಕಿದ್ದಾನೆ.

ಇದು ಇಪ್ಪತ್ತೆಂಟು ಚುಕ್ಕೆಯ ಹುಳು, ಹೆನೊಸೆಪಿಲಾಕ್ನಾ. ಒಂದೊಂದು ರೆಕ್ಕೆಯ ಮೇಲೆ 14 ಚುಕ್ಕೆ. ಇದರದೇ ಅಣ್ಣತಮ್ಮಂದಿರಲ್ಲಿ ಕಡಿಮೆ ಚುಕ್ಕೆಯವೂ ಇವೆ, ಹಾಗಾಗಿ ಎಣಿಕೆಗಿಂತ ಬೆನ್ನನ್ನೇ ನಂಬಿ. ಬಣ್ಣ ಮಂಕು ಕಂದು, ಮೈಮೇಲೆ ಸಣ್ಣ ರೋಮ, ಬಿಸಿಲಿಗೆ ಹಿಡಿದರೂ ಹೊಳೆಯುವುದಿಲ್ಲ. ಹೊಳೆಯುವ ಗುಲಗಂಜಿ ಹುಳು ಬದನೆ ಗಿಡದ ಮೇಲೆ ಕೂತಿದ್ದರೆ ಅದು ಹೇನು ತಿನ್ನಲು ಬಂದದ್ದು, ಅದನ್ನು ಮುಟ್ಟಬೇಡಿ.

ಎಲೆಯ ಗುರುತು ಇನ್ನೂ ಚೆನ್ನಾಗಿ ಹೇಳುತ್ತದೆ. ಮಿಡತೆ ತಿಂದರೆ ಅಂಚಿನಿಂದ ಕಚ್ಚಿಕೊಂಡು ಹೋಗಿರುತ್ತದೆ. ಇದು ಹಾಗಲ್ಲ. ಹಸಿರನ್ನಷ್ಟೇ ಕೆರೆದು ತಿಂದು ತೆಳ್ಳಗಿನ ಪೊರೆ ಬಿಡುತ್ತದೆ, ಅದೂ ಸಾಲುಸಾಲಾಗಿ, ಏಣಿ ಮೆಟ್ಟಿಲಿನ ಹಾಗೆ. ಎರಡು ದಿನಕ್ಕೆ ಆ ಪೊರೆ ಒಣಗಿ ಉದುರಿ ಎಲೆ ಬಲೆಯಾಗುತ್ತದೆ. ಎಲೆಯ ಅಡಿಯಲ್ಲಿ ಹಳದಿ ಮರಿಗಳಿರುತ್ತವೆ, ಮೈತುಂಬ ಕವಲೊಡೆದ ಮುಳ್ಳು. ಬದನೆ, ಹಾಗಲ, ಟೊಮೆಟೊ, ಆಲೂಗಡ್ಡೆ ಎಲ್ಲಕ್ಕೂ ಬರುತ್ತದೆ.

ಏನು ಮಾಡಬೇಕು? ಬೆಳಗ್ಗೆ ಬಿಸಿಲು ಏರುವ ಮೊದಲು ಹೋಗಿ, ಆಗ ಅವು ಜಡವಾಗಿರುತ್ತವೆ. ಒಂದು ಮಗ್‌ನಲ್ಲಿ ಸೋಪು ನೀರು ಹಿಡಿದು ಎಲೆಯ ಕೆಳಗಿಡಿ, ಎಲೆ ಅಲ್ಲಾಡಿಸಿ. ಮುಟ್ಟಿದರೆ ಸತ್ತ ಹಾಗೆ ಕೆಳಗೆ ಬೀಳುವುದು ಅದರ ಅಭ್ಯಾಸ, ನೇರವಾಗಿ ಮಗ್‌ಗೇ ಬೀಳುತ್ತದೆ. ಎಲೆಯಡಿಯ ಹಳದಿ ಮೊಟ್ಟೆ ಗುಂಪನ್ನು ಬೆರಳಲ್ಲೇ ಒರೆಸಿ. ನಾಲ್ಕು ದಿನ ಬಿಟ್ಟು ಮತ್ತೆ. ಹತ್ತಿಪ್ಪತ್ತು ಬದನೆ ಗಿಡಕ್ಕೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ, ನಾಳೆ ನಾಡಿದ್ದು ಅದೇ ಬದನೆ ಹುಳಿಗೆ ಹಾಕುವುದು ಅನ್ನುವುದು ನೆನಪಿರಲಿ.

ಇಲ್ಲಿ ಎರಡು ಎಚ್ಚರಿಕೆ ಇದೆ. ಮೊಟ್ಟೆ ಒರೆಸುವಾಗ ಅದೇ ಎಲೆಯಲ್ಲಿ ಹೇನಿನ ಗುಂಪು ಇದ್ದರೆ ಕೈ ತಡೆಯಿರಿ. ಒಳ್ಳೆಯ ಗುಲಗಂಜಿ ಹುಳುವಿನ ಮೊಟ್ಟೆಯೂ ಹಳದಿಯೇ, ನಿಲ್ಲಿಸಿಟ್ಟ ಅಕ್ಕಿಕಾಳಿನ ಹಾಗೆ ಗುಂಪಾಗಿರುತ್ತದೆ. ಇನ್ನೊಂದು, ಕೆಲವು ಮುಳ್ಳುಮರಿಗಳು ಕಂದಾಗಿ, ಉಬ್ಬಿ, ಗಟ್ಟಿಯಾಗಿ ಎಲೆಗೆ ಅಂಟಿರುತ್ತವೆ. ಅವನ್ನು ಹಾಗೇ ಬಿಡಿ. ಅವುಗಳ ಹೊಟ್ಟೆಯಲ್ಲಿ ಪೀಡಿಯೋಬಿಯಸ್ ಅನ್ನುವ ಸಣ್ಣ ಕಣಜದ ಮರಿಗಳಿವೆ. ಅಮೆರಿಕದಲ್ಲಿ ಹುರುಳಿಕಾಯಿ ಎಲೆ ತಿನ್ನುವ ಇದೇ ಸಂತತಿಯ ಹುಳುವಿನ ಮೇಲೆ ಬಿಡಲು ಈ ಕಣಜವನ್ನು ನಮ್ಮ ದೇಶದಿಂದ ಒಯ್ದಿದ್ದಾರೆ. ನಿಮ್ಮ ಹಿತ್ತಲಲ್ಲಿ ಅದು ಪುಕ್ಕಟೆ ಕೆಲಸ ಮಾಡುತ್ತಿದೆ.

ಮೂರು ಸಲ ಆರಿಸಿದರೂ ಕಡಿಮೆ ಆಗದಿದ್ದರೆ ಬೇಲಿ ನೋಡಿ. ಸುಂಡೆ ಗಿಡ, ಕಾಡು ಗಣಿಕೆ, ದತ್ತೂರ ಇದ್ದರೆ ಹುಳು ಅಲ್ಲಿಂದ ಬರುತ್ತಿದೆ. ಅವುಗಳ ಎಲೆಯೂ ಜರಡಿಯಾಗಿದ್ದರೆ ಕಡಿದು ಹಾಕಿ.

"ಗೊಂಚಲಿನಲ್ಲಿ ಬಿಳಿ ಹಿಟ್ಟು ಇದೆ, ಅದರಲ್ಲಿ ಕೆಲವು ನಡೆಯುತ್ತಿವೆ"

ನಾನು ಎಡವಿದ್ದು ಇಲ್ಲೇ.

ಅಂಗಳದ ಪೇರಳೆ ಮರಕ್ಕೆ ಒಂದು ಬೇಸಿಗೆಯಲ್ಲಿ ಹಿಟ್ಟು ತಿಗಣೆ, ಅಂದರೆ ಮೈಮೇಲೆ ಬಿಳಿ ಪುಡಿ ಹೊತ್ತು ರಸ ಹೀರುವ ಕೀಟ, ಹತ್ತಿತು. ಕಾಯಿಯ ತೊಟ್ಟು, ಎಲೆಯ ಬುಡ, ಎಲ್ಲ ಕಡೆ ಬಿಳಿ. ಒಂದು ಭಾನುವಾರ ಬೆನ್ನಿಗೆ ಸ್ಪ್ರೇಯರ್ ಹಾಕಿಕೊಂಡು ಸೋಪು ನೀರು ಹೊಡೆಯುತ್ತಾ ಇದ್ದೆ. ಅಮ್ಮ ಕೆಳಗಿನ ಕೊಂಬೆ ಹಿಡಿದುಕೊಂಡು ನಿಂತಿದ್ದವರು, "ಇದೇನೋ, ಹಿಟ್ಟಿಗೆ ಕಾಲು ಬಂದಿದ್ಯಾ?" ಅಂದರು. ನೋಡಿದರೆ ಒಂದು ಬಿಳಿ ತುಣುಕು ಚುರುಕಾಗಿ ಓಡುತ್ತಿತ್ತು. ಉಳಿದವಕ್ಕಿಂತ ಎರಡು ಪಟ್ಟು ದೊಡ್ಡದು, ಮೈತುಂಬ ಹತ್ತಿಯ ಎಳೆ ನೇತಾಡುವ ಹಾಗೆ. "ಅದೇ ದೊಡ್ಡಪ್ಪ ಇರಬೇಕು" ಅಂತ ಹೇಳಿ ಅದಕ್ಕೆ ಸ್ವಲ್ಪ ಜಾಸ್ತಿಯೇ ಹೊಡೆದೆ. ತಿಂಗಳಾಗುವ ಮೊದಲು ಹಿಟ್ಟು ತಿಗಣೆ ಮೊದಲಿಗಿಂತ ಜೋರಾಗಿ ಬಂತು.

ನಾನು ತೊಳೆದು ಹಾಕಿದ್ದು ಹಿಟ್ಟು ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿಗಳನ್ನು. ಹೆಸರು ಕ್ರಿಪ್ಟೊಲೀಮಸ್ ಮಾಂಟ್ರೂಝಿಯೆರಿ. ಆಸ್ಟ್ರೇಲಿಯಾದ್ದು. 1898ರಲ್ಲಿ ಭಾರತಕ್ಕೆ ತಂದರು, ಅದೂ ಕಾಫಿಯ ಹಸಿರು ತಿಗಣೆಯನ್ನು ಹತೋಟಿಗೆ ತರಲು ಅಂತ. ಆ ಕೆಲಸ ಅಷ್ಟಾಗಿ ಮಾಡಲಿಲ್ಲ. ಹಿಟ್ಟು ತಿಗಣೆ ಮಾತ್ರ ರುಚಿಸಿತು. ನಮ್ಮ ಅಜ್ಜನ ಅಪ್ಪನ ಕಾಲದ ಹುಳು ಅದು, ಈಗಲೂ ಹೊರಗಿನದು ಅಂತ ಹೇಗೆ ಕರೆಯುವುದೋ ಗೊತ್ತಿಲ್ಲ.

ದೊಡ್ಡ ಹುಳು ಗುರುತಿಸುವುದು ಸುಲಭ. ಸುಮಾರು 4 ಮಿ.ಮೀ., ಕೆಂಪೂ ಇಲ್ಲ, ಚುಕ್ಕೆಯೂ ಇಲ್ಲ. ಕಪ್ಪು ಬೆನ್ನು, ತಲೆ ಮತ್ತು ಕತ್ತು ಕಿತ್ತಳೆ, ರೆಕ್ಕೆಯ ತುದಿಯೂ ಕಿತ್ತಳೆ. ಇದನ್ನು ನೋಡಿ ಯಾರೂ ಗುಲಗಂಜಿ ಅನ್ನುವುದಿಲ್ಲ. ಕಷ್ಟ ಇರುವುದು ಮರಿಯದು. ತಾನು ತಿನ್ನುವ ಹಿಟ್ಟು ತಿಗಣೆಯ ವೇಷವನ್ನೇ ಹಾಕಿಕೊಂಡಿರುತ್ತದೆ. ಹಿಟ್ಟು ತಿಗಣೆ ಅಂಟು ಸಿಹಿರಸ ಕೊಡುತ್ತದೆ ಅಂತ ಇರುವೆಗಳು ಅದನ್ನು ಹಸು ಕಾಯುವ ಹಾಗೆ ಕಾಯುತ್ತವೆ. ಮೈಮೇಲೆ ಬಿಳಿ ಮೇಣ ಹೊತ್ತ ಮರಿ ಆ ಕಾವಲನ್ನು ದಾಟಿ ಒಳಗೆ ನುಗ್ಗುತ್ತದೆ.

ಬೇರ್ಪಡಿಸಲು ಒಂದು ಕಡ್ಡಿ ಸಾಕು. ಬಿಳಿಯದನ್ನು ಮೆಲ್ಲಗೆ ತಿವಿಯಿರಿ. ಹಿಟ್ಟು ತಿಗಣೆ ಚಪ್ಪಟೆ, ಮೊಟ್ಟೆಯಾಕಾರ, ಅಂಚಿನಲ್ಲಿ ಸಣ್ಣ ಎಳೆ. ತಿವಿದರೆ ಅಲ್ಲೇ ಇರುತ್ತದೆ, ಇಲ್ಲವೇ ಸೋಮಾರಿಯ ಹಾಗೆ ಒಂದು ಹೆಜ್ಜೆ ಇಡುತ್ತದೆ. ಗುಲಗಂಜಿ ಮರಿ ಓಡುತ್ತದೆ. ಬೆಳೆದ ಮರಿ 1 ಸೆಂ.ಮೀ.ಗಿಂತ ಉದ್ದ ಆಗುತ್ತದೆ, ಹಿಟ್ಟು ತಿಗಣೆ ಅಷ್ಟು ಬೆಳೆಯುವುದೇ ಇಲ್ಲ. ನಮ್ಮಲ್ಲೇ ಹುಟ್ಟಿ ಬೆಳೆದ ಸ್ಕಿಮ್ನಸ್ ಅನ್ನುವ ಸಾಸಿವೆ ಗಾತ್ರದ ಗುಲಗಂಜಿಗಳ ಮರಿಗೂ ಹೀಗೇ ಬಿಳಿ ಎಳೆ ಇರುತ್ತದೆ. ಅದೂ ಓಡುತ್ತದೆ, ಅದೂ ನಮ್ಮ ಕಡೆಯದೇ.

ಒಂದು ಅಡ್ಡ ಮಾತು. ಹಿಟ್ಟು ತಿಗಣೆಯ ನಡುವೆ ದಪ್ಪಗೆ ಬಿಳಿ ಪುಡಿ ಮೆತ್ತಿಕೊಂಡ, ನಿಧಾನಕ್ಕೆ ಸರಿಯುವ ಮರಿಹುಳು ಸಿಕ್ಕಿದರೆ, ಹತ್ತಿರದಲ್ಲಿ ಮಂಗನ ಮುಖದ ಹಾಗಿರುವ ಕೋಶ ಎಲೆಗೆ ಅಂಟಿದೆಯಾ ನೋಡಿ. ಅದು ಸ್ಪಾಲ್ಗಿಸ್ ಅನ್ನುವ ಪುಟ್ಟ ಚಿಟ್ಟೆ. ಅದರ ಮರಿಯೂ ಹಿಟ್ಟು ತಿಗಣೆಯನ್ನೇ ತಿನ್ನುತ್ತದೆ. ಮೊದಲ ಸಲ ಆ ಮಂಗನ ಮುಖ ನೋಡಿ ನಾನು ನಕ್ಕು ಎರಡು ದಿನ ಎಲ್ಲರಿಗೂ ತೋರಿಸುತ್ತಾ ಓಡಾಡಿದೆ.

ಈಗ ಕೆಲಸದ ಕ್ರಮ. ಮೊದಲು ಹತ್ತು ಗೊಂಚಲು ನೋಡಿ. ನಾಲ್ಕೈದರಲ್ಲಿ ಓಡುವ ಬಿಳಿ ಮರಿ ಇದ್ದರೆ ಏನೂ ಹೊಡೆಯಬೇಡಿ, ಎರಡು ವಾರ ಕಾಯಿರಿ. ಸೋಪು ನೀರೂ ಬೇಡ, ಬೇವಿನೆಣ್ಣೆಯೂ ಬೇಡ. "ಸಾವಯವ ಅಲ್ವಾ, ಏನಾಗಲ್ಲ" ಅನ್ನುತ್ತಾರೆ. ಮೆತ್ತಗಿನ ಮೈಯ ಮರಿಗೆ ಸೋಪು ಸೋಪೇ.

ಮರಿ ಇಲ್ಲ, ಇರುವೆ ಸಾಲು ಇದೆ ಅಂತಾದರೆ ಇರುವೆಯ ದಾರಿ ಕಟ್ಟಿ. ಬುಡಕ್ಕೆ ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರ ಹಚ್ಚಬೇಡಿ. ನೆಲಕ್ಕೆ, ಬೇಲಿಗೆ, ಪಕ್ಕದ ಗಿಡಕ್ಕೆ ತಾಗುವ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಸುತ್ತು ಹಾಕಿ ಬರುತ್ತದೆ. ಕಾಫಿಯಲ್ಲಿ ಚಿಗುರು ತೆಗೆಯುವಾಗ ತುಂಬ ಹತ್ತಿದ ಕಂಬಚಿಗುರು (ನೆಟ್ಟಗೆ ಏಳುವ ಚಿಗುರು), ರೆಕ್ಕೆ (ಅಡ್ಡ ಕೊಂಬೆ) ಕತ್ತರಿಸಿ ಗೊಂಚಲು ಸಮೇತ ಹೊರಗೆ ಒಯ್ದು ಹಾಕಿ. ದಾರಿಯುದ್ದ ಉದುರಿಸಿಕೊಂಡು ಹೋಗಬೇಡಿ, ಕುಕ್ಕೆಯಲ್ಲಿ ಒಯ್ಯಿರಿ.

ಇಷ್ಟಕ್ಕೂ ಬಗ್ಗದೆ ಎಕರೆಗಟ್ಟಲೆ ಹರಡಿದರೆ ಅದು ಮನೆಮದ್ದಿನ ಮಾತಲ್ಲ. ಈ ಹುಳುವನ್ನು ಸಾಕಿ ಕೊಡುವ ವ್ಯವಸ್ಥೆ ಇದೆ, ಎಲ್ಲಿ ಕೇಳಬೇಕು ಅಂತ ಕೊನೆಯಲ್ಲಿ ಬರೆದಿದ್ದೇನೆ. ತಂದು ಬಿಡುವ ಮೊದಲೂ ಆಮೇಲೂ ಔಷಧಿ ಹೊಡೆದರೆ ದುಡ್ಡು ದಂಡ. ಹಿಟ್ಟು ತಿಗಣೆ ಇಲ್ಲದ ಗಿಡಕ್ಕೆ "ಮುಂಜಾಗ್ರತೆಗೆ" ಅಂತ ಬಿಟ್ಟರೂ ದಂಡ, ತಿನ್ನಲು ಇಲ್ಲದ ಕಡೆ ಅದು ನಿಲ್ಲುವುದಿಲ್ಲ.

"ಅಲಸಂದೆಗೆ ಹೇನು. ಗುಲಗಂಜಿ ಹುಳು ಇದೆ, ಆದರೂ ಕಡಿಮೆ ಆಗ್ತಿಲ್ಲ"

ಮೂರು ಕಾರಣ ಇರಬಹುದು. ಒಂದೊಂದಾಗಿ ನೋಡಿ.

ಹುಳು ಬಂದು ಎಷ್ಟು ದಿನ ಆಯಿತು? ಹೇನು ಮರಿ ಹಾಕುವ ವೇಗ ಜಾಸ್ತಿ, ಗುಲಗಂಜಿ ಬಂದು ಮೊಟ್ಟೆ ಇಟ್ಟು ಮರಿಯಾಗಲು ಸಮಯ ಬೇಕು. ಮೊದಲ ವಾರ ಹೇನೇ ಗೆದ್ದ ಹಾಗೆ ಕಾಣುತ್ತದೆ. ನಿಜವಾದ ಹೊಟ್ಟೆಬಾಕ ಮರಿ ಹುಟ್ಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಆ ಮರಿ ಹೇಗಿರುತ್ತದೆ ಗೊತ್ತಾ? ಪುಟ್ಟ ಮೊಸಳೆ ಮರಿಯ ಹಾಗೆ, ಉದ್ದ, ಕಪ್ಪು ಬೂದು, ಮೇಲೆ ಹಳದಿ ಅಥವಾ ಕಿತ್ತಳೆ ಕಲೆ, ಆರು ಕಾಲು. ನೋಡಿದರೆ ಯಾರಿಗಾದರೂ ಹೊಸಕಬೇಕು ಅನಿಸುತ್ತದೆ, ಹೊಸಕುತ್ತಾರೆ ಕೂಡ. ತೋಟದ ಕೆಲಸದವರ ಲೈನ್‌ಮನೆಯ ಒಬ್ಬ ಅಕ್ಕ ಇಡೀ ಸಾಲಿನ "ಮುಳ್ಳು ಹುಳ" ಆರಿಸಿ ಕೊಂದು ನನಗೆ ಹೆಮ್ಮೆಯಿಂದ ತೋರಿಸಿದ್ದರು. ಏನು ಹೇಳೋದು, ಅವರು ಕಷ್ಟಪಟ್ಟು ಆರಿಸಿದ್ದರು.

ಎರಡನೆಯದು ಇರುವೆ. ಮೇಲೆ ಹೇಳಿದ್ದೇ.

ಮೂರನೆಯದು, ಎಲೆಗೆ ಅಂಟಿದ ಕಿತ್ತಳೆ ಬಣ್ಣದ ಗಂಟು. ಇದನ್ನು ರೋಗ ಅಂದುಕೊಂಡು ಎಲೆ ಕೀಳುತ್ತಾರೆ. ಬೆರಳಿನಿಂದ ಮುಟ್ಟಿ, ಸಟಕ್ಕಂತ ಎದ್ದು ಕೂತರೆ ಅದು ಗುಲಗಂಜಿಯ ಕೋಶ. ಕಿತ್ತ ಎಲೆಯನ್ನು ಗಿಡದ ಬುಡದಲ್ಲೇ ಇಡಿ, ಹೊರಗೆ ಬಂದು ಮೇಲೆ ಹತ್ತುತ್ತದೆ.

ಹೇನು ತೀರಾ ಜಾಸ್ತಿಯಾಗಿ ಕುಡಿ ಮುರುಟುತ್ತಿದ್ದರೆ ಬರೀ ನೀರನ್ನು ಜೋರಾಗಿ ಕುಡಿಗೆ ಹಾಯಿಸಿ. ಕೆಳಗೆ ಬಿದ್ದ ಹೇನು ಮತ್ತೆ ಹತ್ತುವುದು ಕಷ್ಟ, ಗುಲಗಂಜಿಗೆ ಹತ್ತುವುದು ಸುಲಭ. ಎಲ್ಲಾ ಕುಡಿಗೂ ಹಾಯಿಸಬೇಡಿ, ಎರಡು ಮೂರು ಬಿಡಿ.

"ಕುಂಬಳ ಎಲೆಗೆ ಹಳದಿ ಹುಳು ಬಂತು, ಆಮೇಲೆ ಬೂದಿ ರೋಗ ಬಂತು"

ತಿರುವುಮುರುವು. ಬೂದಿ ರೋಗ ಬಂದ ಮೇಲೆ ಹುಳು ಬಂದದ್ದು. ಇಲ್ಲೈಸ್ ಅನ್ನುವ ಈ ನಿಂಬೆಹಳದಿ ಗುಲಗಂಜಿ ಬೂಷ್ಟನ್ನೇ ಮೇಯುತ್ತದೆ. ಆದರೆ ರೋಗ ವಾಸಿ ಮಾಡುವಷ್ಟು ತಿನ್ನುತ್ತದೆ ಅಂತ ನಂಬಿ ಕೂರಬೇಡಿ. ಹಳೆ ಎಲೆ ತೆಗೆಯಿರಿ, ಗಾಳಿ ಬೆಳಕು ಆಡುವ ಹಾಗೆ ಮಾಡಿ.

"ಭತ್ತದ ತೆನೆ ಮೇಲೆ ಕಿತ್ತಳೆ ಹುಳು ಮುತ್ತಿದೆ"

ಕಾವೇರಿ ಸಂಕ್ರಮಣದ ಆಸುಪಾಸು ತೆನೆ ಹೊರಬಂದಾಗ ಈ ಗಾಬರಿ. ಕಿತ್ತಳೆ ಬೆನ್ನು, ನಡುವೆ ಮಾತ್ರ ಒಂದು ಕಪ್ಪು ಗೆರೆ, ಮೈಕ್ರಾಸ್ಪಿಸ್. ಹೂವಿನ ಪುಡಿ ತಿನ್ನುತ್ತಾ ಕೂತಿರುತ್ತದೆ, ಜೊತೆಗೆ ಜಿಗಿಹುಳುವನ್ನೂ ತಿನ್ನುತ್ತದೆ. ಕಾಳು ಜೊಳ್ಳಾಗಿದ್ದರೆ ಕಾರಣ ಬೇರೆ ಹುಡುಕಿ. ಗದ್ದೆಯಲ್ಲಿ ನಿಂತು ಗಬ್ಬು ವಾಸನೆ ಬಂದರೆ ಭತ್ತದ ತಿಗಣೆ ಇದೆ ಅಂತ ಅರ್ಥ, ದೂರು ಅದರ ಮೇಲಿರಲಿ. ಪುತ್ತರಿ ಹಬ್ಬಕ್ಕೆ ಕದಿರು ತೆಗೆಯುವ ಗದ್ದೆಗೆ ಸುಮ್ನೆ ಔಷಧಿ ಹೊಡೆಯುವುದು ನನಗಂತೂ ಮನಸ್ಸಿಗೆ ಬರುವುದಿಲ್ಲ.

"ಕಪ್ಪಗೆ ಹೊಳೆಯುವ ಮಣಿ ಹುಳು. ಒಳ್ಳೆಯದಾ ಕೆಟ್ಟದ್ದಾ?"

ನಿಂಬೆ, ಕಿತ್ತಳೆ, ತೆಂಗಿನ ಮೇಲೆ, ಎಲೆಗೆ ಅಂಟಿ ರಸ ಹೀರುವ ಶಲ್ಕ ಕೀಟದ ಚಿಪ್ಪುಗಳ ನಡುವೆ ಇದ್ದರೆ ಅದು ಕೈಲೋಕೋರಸ್ ನೈಗ್ರಿಟಾ. ನಮ್ಮದೇ ಹುಳು. ಸೇಷಲ್ಸ್ ದ್ವೀಪಗಳವರು ತೆಂಗು ಉಳಿಸಿಕೊಳ್ಳಲು ಇದನ್ನು ತರಿಸಿಕೊಂಡಿದ್ದಾರೆ. ಕಿತ್ತಳೆ ಎಲೆಗೆ ಕಾಡಿಗೆ ಬಳಿದ ಹಾಗೆ ಕಪ್ಪು ಬೂಷ್ಟು ಬಂದಿದ್ದರೆ ಅದನ್ನು ಈ ಹುಳು ತಂದದ್ದಲ್ಲ. ರಸ ಹೀರುವ ಕೀಟದ ಸಿಹಿ ಅಂಟು ಎಲೆ ಮೇಲೆ ಬಿದ್ದು ಅದರ ಮೇಲೆ ಬೂಷ್ಟು ಬೆಳೆದಿದೆ.

ಕಪ್ಪಿನಲ್ಲಿ ನೀಲಿ ಮಿಂಚು, ಕತ್ತಿನ ಎರಡು ಬದಿ ಕಿತ್ತಳೆ ಕಲೆ ಇದ್ದರೆ ಅದು ಕ್ಯೂರಿನಸ್. ಇದು ಅಮೆರಿಕ ಖಂಡದ್ದು. 1988ರಲ್ಲಿ ಸುಬಾಬುಲ್ ಮರಗಳಿಗೆ ಹೊರಗಿನ ಒಂದು ಜಿಗಿಹೇನು ಬಂದು ಕುಡಿಯನ್ನೆಲ್ಲ ಒಣಗಿಸಿತು. ಅದೇ ವರ್ಷ ಥಾಯ್ಲೆಂಡ್‌ನಿಂದ ಈ ಹುಳುವನ್ನು ಬೆಂಗಳೂರಿಗೆ ತರಿಸಿದರು. ಮೇವಿಗೆ ಸುಬಾಬುಲ್ ಬೆಳೆಸಿದ್ದರೆ ಅದರ ಕುಡಿಯಲ್ಲಿ ಹುಡುಕಿ.

"ಮನೆಯೊಳಗೆ ರಾಶಿ ರಾಶಿ ಹುಳು ಬಂದಿದೆ"

ಇಂಟರ್ನೆಟ್‌ನಲ್ಲಿ ಹುಡುಕಿದರೆ "ಮನೆಗೆ ನುಗ್ಗುವ ಗುಲಗಂಜಿ ಹುಳು" ಅಂತ ಅಮೆರಿಕ, ಯುರೋಪಿನ ಪುಟಗಳು ಸಿಗುತ್ತವೆ. ಅದು ಹಾರ್ಮೋನಿಯಾ ಆಕ್ಸಿರಿಡಿಸ್, ಏಷ್ಯಾದ ಪೂರ್ವ ಭಾಗದಿಂದ ಅಲ್ಲಿಗೆ ಹೋದದ್ದು. ಅಲ್ಲಿನ ಚಳಿಗಾಲಕ್ಕೆ ಹೆದರಿ ಗೋಡೆ ಸಂದಿಗೆ ಸೇರುತ್ತದೆ. ಅದನ್ನು ಓದಿ ನಮ್ಮ ಹಂಚಿನ ಮನೆಗೆ ಹೊಂದಿಸಬೇಡಿ. ನಮ್ಮಲ್ಲಿ ರಾಶಿ ಬಿದ್ದದ್ದು ಬೇರೆಯೇ ಹುಳು ಇರುತ್ತದೆ.

ರಬ್ಬರ್ ತೋಟ ಹತ್ತಿರ ಇದೆಯಾ? ಸಂಪಾಜೆ, ಪೆರಾಜೆ, ಚೆಂಬು, ಕರಿಕೆ ಕಡೆಯವರು ಇದನ್ನು ಮೊದಲು ಕೇಳಿಕೊಳ್ಳಿ. ಬೇಸಿಗೆ ಮಳೆ ಶುರುವಾದ ಸಂಜೆ, ದೀಪಕ್ಕೆ, ಸಾವಿರಗಟ್ಟಲೆ ಕಂದುಗಪ್ಪು ಹುಳು, ಚುಕ್ಕೆ ಇಲ್ಲ, ಗುಲಗಂಜಿಗಿಂತ ಉದ್ದ, ಮುಟ್ಟಿದರೆ ಕೆಟ್ಟ ವಾಸನೆ. ಕೇರಳದವರು ಮುಪ್ಲಿ ವಂಡ್ ಅನ್ನುತ್ತಾರೆ. ರಬ್ಬರಿನ ಉದುರೆಲೆ ತಿಂದು ಬೆಳೆದು ಮಳೆಗೆ ಮನೆ ಸೇರುತ್ತವೆ, ಅಟ್ಟದ ಸಂದಿಯಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ಕೂತಿರುತ್ತವೆ. ಕಚ್ಚುವುದಿಲ್ಲ. ಅದರ ರಸ ತಾಗಿದರೆ ಚರ್ಮ ಉರಿಯುತ್ತದೆ.

ಇದಕ್ಕೆ ಮೊದಲ ಮದ್ದು ಸ್ವಿಚ್. ಕತ್ತಲಾಗುವ ಮೊದಲೇ ಒಳಗಿನ ದೀಪ ಆರಿಸಿ, ಮನೆಯಿಂದ ದೂರ ಅಂಗಳದಲ್ಲಿ ಒಂದು ದೀಪ ಹಾಕಿ, ಅದರ ಕೆಳಗೆ ಸೋಪು ನೀರಿನ ಬಕೆಟ್ ಇಡಿ. ಒಳಗೆ ಬಿದ್ದದ್ದನ್ನು ಪೊರಕೆಯಿಂದ ಗುಡಿಸಿ, ಕಾಲಲ್ಲಿ ತುಳಿಯಬೇಡಿ. ಅಟ್ಟದಲ್ಲಿ ಹೊಗೆ ಹಾಕುವುದು, ಸೀಮೆಎಣ್ಣೆ ಬಟ್ಟೆಗೆ ಬೆಂಕಿ ಹಚ್ಚಿ ಹಿಡಿಯುವುದು ಬೇಡವೇ ಬೇಡ, ಹಂಚಿನ ಕೆಳಗೆ ಇರುವುದೆಲ್ಲ ಒಣ ಮರ. ಒಲೆ ಉರಿಯುವ ಅಡುಗೆಮನೆಯಲ್ಲಿ ಡಬ್ಬಿ ಸ್ಪ್ರೇ ಹೊಡೆಯಬೇಡಿ, ಅದಕ್ಕೆ ಬೆಂಕಿ ಹತ್ತುತ್ತದೆ. ಮಳೆಯಲ್ಲಿ ಪಾಚಿ ಹಂಚಿನ ಮೇಲೆ ಹತ್ತಬೇಡಿ.

ಇನ್ನೊಂದು ನಿಜಕ್ಕೂ ಹೆದರಬೇಕಾದ್ದು. ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಇರುವೆಯ ಹಾಗೆ ತೆಳ್ಳಗೆ ಉದ್ದ ಇರುವ, ಕಿತ್ತಳೆ ಮತ್ತು ಕಪ್ಪು ಪಟ್ಟಿಯ ಹುಳು. ಇತ್ತೀಚೆಗೆ ಆ್ಯಸಿಡ್ ಹುಳು ಅಂತ ಕರೆಯುತ್ತಾರೆ. ಬಣ್ಣ ನೋಡಿ ಗುಲಗಂಜಿ ಅಂದುಕೊಳ್ಳುವವರಿದ್ದಾರೆ. ಗುಲಗಂಜಿ ದುಂಡಗೆ, ಇದು ಉದ್ದ, ಅಷ್ಟೇ ನೆನಪಿಡಿ. ಮೈಮೇಲೆ ಕೂತರೆ ಹೊಡೆಯಬೇಡಿ, ಊದಿ ಹಾರಿಸಿ. ಅರೆದರೆ ಅದರ ರಸ ಚರ್ಮಕ್ಕೆ ತಾಗಿ ಮಾರನೇ ದಿನ ಸುಟ್ಟ ಹಾಗೆ ಕೆಂಪು ಗೆರೆ, ಗುಳ್ಳೆ ಬರುತ್ತದೆ. ಅರೆದುಹೋಯಿತು ಅಂತ ಗೊತ್ತಾದ ತಕ್ಷಣ ಸೋಪು ಹಾಕಿ ತೊಳೆಯಿರಿ, ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ. ಸುಣ್ಣ ಹಚ್ಚಬೇಡಿ. ಕಣ್ಣಿಗೆ ತಾಗಿದ್ದರೆ, ಗುಳ್ಳೆ ಹರಡಿದರೆ, ಮಗುವಿನ ಮುಖಕ್ಕಾಗಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

"ಹಿಡಿದಾಗ ಕೈಗೆ ಹಳದಿ ರಸ ಬಂತು, ವಿಷವಾ?"

ಗುಲಗಂಜಿ ಹುಳು ಹೆದರಿದರೆ ಕಾಲಿನ ಕೀಲಿನಿಂದ ಹಳದಿ ರಸ ಬಿಡುತ್ತದೆ. ಕಹಿ, ನಾತ, ಬಟ್ಟೆಗೆ ಕಲೆ. ಹಕ್ಕಿ ಇರುವೆಗಳನ್ನು ದೂರ ಇಡಲು ಅದರ ಉಪಾಯ ಅದು. ಕೈ ತೊಳೆದರೆ ಮುಗಿಯಿತು. ಒಮ್ಮೊಮ್ಮೆ ಸಣ್ಣಗೆ ಚಿವುಟಿದ ಹಾಗೆ ಕಚ್ಚುವುದೂ ಉಂಟು, ಏನಾಗುವುದಿಲ್ಲ.

ಆದರೆ ಮಗು "ಗುಲಗಂಜಿ ತಿಂದೆ" ಅಂದರೆ ಹುಳುವಾ ಬೀಜವಾ ಅಂತ ತಕ್ಷಣ ಕೇಳಿ. ಬೇಲಿ ಬಳ್ಳಿಯಲ್ಲಿ ಆಗುವ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಕಪ್ಪು ಗುಲಗಂಜಿ ಬೀಜ ನಿಜವಾದ ವಿಷ, ಅಗಿದು ನುಂಗಿದ್ದರೆ ಜೀವಕ್ಕೇ ಅಪಾಯ. ಮಗು ಚೆನ್ನಾಗಿಯೇ ಆಡುತ್ತಿದ್ದರೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೀಜ ಉಳಿದಿದ್ದರೆ ಜೊತೆಗೆ ಒಯ್ಯಿರಿ.

ಯಾವಾಗ ನಿಲ್ಲಿಸಿ ಕೇಳಬೇಕು

ಎರಡು ಸಲ ನೋಡಿದರೂ ಹುಳು ಯಾವುದೆಂದು ತೀರ್ಮಾನ ಆಗದಿದ್ದರೆ, ಹಿಟ್ಟು ತಿಗಣೆ ಗಿಡದಿಂದ ಗಿಡಕ್ಕೆ ವಾರದಲ್ಲಿ ಹರಡುತ್ತಿದ್ದರೆ, ಕಾಫಿಯ ಬುಡ ಅಗೆದಾಗ ಬೇರಿನಲ್ಲೂ ಬಿಳಿ ಕಂಡರೆ, ಅಲ್ಲಿಗೆ ನಿಮ್ಮ ಪ್ರಯೋಗ ನಿಲ್ಲಲಿ. ಅಂಗಡಿಯಲ್ಲಿ "ಎಲ್ಲಾ ಹುಳಕ್ಕೂ ಆಗುತ್ತೆ" ಅಂತ ಕೊಡುವ ಔಷಧಿ ನಿಜವಾಗಿಯೂ ಎಲ್ಲಾ ಹುಳಕ್ಕೂ ಆಗುತ್ತದೆ, ಕಷ್ಟ ಅದೇ. ಕಾಫಿ ಹೂ ಬಿಟ್ಟಿರುವಾಗ ಹೊಡೆದರೆ ಜೇನೂ ಹೋಗುತ್ತದೆ.

ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಕಿತ್ತಳೆ ಮತ್ತಿತರ ಹಣ್ಣಿನ ಗಿಡಕ್ಕೆ ಅಲ್ಲೇ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಉಪಕಾರಿ ಹುಳುಗಳ ಕೆಲಸವೇ ಅವರದ್ದು. ಹೋಗುವ ಮೊದಲು ಫೋನ್ ಮಾಡಿ, ಸಾಕಿದ ಹುಳು ಸದ್ಯ ಇದೆಯಾ ಅಂತ ಕೇಳಿಕೊಂಡೇ ಹೊರಡಿ.

ಸ್ಯಾಂಪಲ್ ಒಯ್ಯುವಾಗ ಹುಳುವನ್ನು ಮಾತ್ರ ಒಯ್ಯಬೇಡಿ. ಹುಳು, ಅದು ಕೂತಿದ್ದ ಎಲೆ, ಎಲೆ ಮೇಲಿದ್ದ ಬಿಳಿ ಹಿಟ್ಟೋ ಹೇನೋ, ಎಲ್ಲ ಒಟ್ಟಿಗೆ. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ ಒಳ್ಳೆಯದು, ಒಣಗಿಸಿ ತೆಗೆದುಕೊಳ್ಳಿ, ಮುಚ್ಚಳದ ಬದಲು ಬಟ್ಟೆ ಕಟ್ಟಿ ರಬ್ಬರ್ ಹಾಕಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ನಾನು ಒಮ್ಮೆ ಇಟ್ಟೆ, ಮಡಿಕೇರಿ ದಾಟುವಷ್ಟರಲ್ಲಿ ಎಲೆ ಬೆಂದು ಹುಳು ಸತ್ತಿತ್ತು. ಚೆಟ್ಟಳ್ಳಿಗೆ ಹೋಗಿ ಖಾಲಿ ಬಾಟಲಿ ತೋರಿಸುವುದಕ್ಕಿಂತ ತುಸು ವಾಸಿ, ಅಷ್ಟೇ.